ರೊಟ್ಟಿಯ ಶರತ್ತು

ಬಸವಕಲ್ಯಾಣದ ಮಹಾರುದ್ರಪ್ಪನವರ ಮನೆಯಲ್ಲಿ ಮುಂಜಾನೆಯ ರೊಟ್ಟಿ ಯಾರು ಬಡಿಯಬೇಕು ಎಂಬುದನ್ನು ಹಿಂದಿನ ಸಂಜೆಯ ಟೀವಿ ಧಾರಾವಾಹಿ ತೀರ್ಮಾನಿಸುತ್ತಿತ್ತು. ಕೇಳಿದವರು ನಗುತ್ತಿದ್ದರು. ಆದರೆ ಒಂದೇ ಒಲೆಯ ಮುಂದೆ ಇಪ್ಪತ್ತೊಂದು ವರ್ಷ ಕಳೆದ ಅತ್ತೆ ಸೊಸೆಯರಿಗೆ ಜಗಳವಿಲ್ಲದೆ ಕೆಲಸ ಹಂಚಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿರಲಿಲ್ಲ.

ನಿಯಮ ಸರಳ. ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಅತ್ತೆ ಶಕುಂತಲಾಬಾಯಿ, ಸೊಸೆ ಜಯಮಾಲಾ ಇಬ್ಬರೂ ಸಂಜೆಯ ಮರಾಠಿ ಧಾರಾವಾಹಿಯಲ್ಲಿ ಏನಾಗುತ್ತದೆಂದು ಹೇಳಬೇಕು. ಸೋತವಳು ಮರುದಿನ ಹದಿನೆಂಟು ಜೋಳದ ರೊಟ್ಟಿ ಬಡಿಯಬೇಕು. ಗೆದ್ದವಳು ಒಂದು ಪಲ್ಯ ಮಾಡಿಟ್ಟು ಕಾಲು ಚಾಚಿ ಕೂರಬಹುದು. ಶಕುಂತಲಾಬಾಯಿಯವರಿಗೆ ಅರವತ್ತಾರು ವರ್ಷ, ಬಲ ಭುಜದಲ್ಲಿ ನೋವು. ಆದರೆ ಧಾರಾವಾಹಿಯ ವಿಷಯಕ್ಕೆ ಬಂದರೆ ತಲೆ ಭಾರಿ ಚುರುಕು. ಯಾವ ಸೊಸೆ ಯಾವ ದಾಗೀನು ಬಚ್ಚಿಡುತ್ತಾಳೆ, ಸತ್ತವನು ಯಾವ ವಾರ ಎದ್ದು ಬರುತ್ತಾನೆ ಎಂಬುದೆಲ್ಲ ಅವರಿಗೆ ಮೊದಲೇ ಹೊಳೆಯುತ್ತಿತ್ತು. ಹೀಗಾಗಿ ಹೆಚ್ಚಿನ ದಿನ ಜಯಮಾಲಾಳೇ ಹಿಟ್ಟಿನ ಮುಂದೆ ಕೂರುತ್ತಿದ್ದಳು.

"ಅತ್ತಿ, ನೀವು ಆ ಧಾರಾವಾಹಿ ಬರಿಯೋರ ಮನಿಯಾಗ ಹುಟ್ಟಬೇಕಿತ್ತ್ರಿ."

"ಹುಟ್ಟಿದ್ರ ನಿನ್ನಂಥ ಸೊಸಿ ಎಲ್ಲಿ ಸಿಗತಿದ್ಲು? ಬಡಿ, ಬಡಿ. ಅಂಚು ದಪ್ಪ ಆಗಾಕತ್ತದ ನೋಡು."

ದೀಪಾವಳಿ ಮುಗಿದ ಮೇಲೆ ಜಯಮಾಲಾ ಸತತ ಐದು ದಿನ ಸೋತಳು. ಆರನೇ ದಿನ ಅವಳ ತಾಳ್ಮೆ ತಪ್ಪಿತು. ದುಡ್ಡು ಕಟ್ಟಿದವರಿಗೆ ಆ ಧಾರಾವಾಹಿ ಬೆಳಿಗ್ಗೆಯೇ ಫೋನಿನಲ್ಲಿ ಸಿಗುತ್ತದೆ, ಅದನ್ನು ಕದ್ದು ಪುಕ್ಕಟೆ ತೋರಿಸುವ ವೆಬ್‌ಸೈಟೂ ಒಂದಿದೆ ಎಂದು ಎದುರು ಮನೆಯ ಸರ್ದಾರಬಿ ಯಾವಾಗಲೋ ಹೇಳಿದ್ದಳು. ಜಯಮಾಲಾಳ ಫೋನಿನ ಡೇಟಾ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಮಾವ ಮಹಾರುದ್ರಪ್ಪನವರು ಪಾತ್ರೆ ಮಾರುವ ಭಾಂಡಿ ಅಂಗಡಿಯನ್ನು ಮಗನಿಗೆ ಬಿಟ್ಟು, ಊಟಕ್ಕೆ ಮನೆಗೆ ಬಂದು, ಎರಡರಿಂದ ಮೂರೂವರೆಯವರೆಗೆ ಮಲಗುತ್ತಿದ್ದರು. ಅತ್ತೆಯೂ ಆ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದರು. ಮಾವನ ಫೋನು ಟೀವಿಯ ಪಕ್ಕದ ಗೂಡಿನಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಅದಕ್ಕೆ ಬೀಗದ ಅಂಕಿಯೂ ಇರಲಿಲ್ಲ. ಮನೆ ಮಂದಿಯ ಮುಂದೆ ಮುಚ್ಚಿಡುವುದು ಏನಿದೆ ಎಂಬುದು ಅವರ ಮಾತು.

ಜಯಮಾಲಾ ಕ್ರೋಮ್ ತೆರೆದು ಆ ವೆಬ್‌ಸೈಟು ಹುಡುಕಿದಳು. ಧಾರಾವಾಹಿಯ ಚಿತ್ರದ ಮೇಲೆ ಒಂದು ಚೌಕ ಎದ್ದು ನಿಂತಿತು. ಈ ಸೈಟು ನೋಟಿಫಿಕೇಶನ್ ಕಳಿಸಬೇಕೆಂದಿದೆ, ವಿಡಿಯೋ ನೋಡಬೇಕಾದರೆ ಅನುಮತಿಸಿ ಎಂಬುದನ್ನು ಒತ್ತಿ. ಅವಳಿಗೆ ವಿಡಿಯೋ ಬೇಕಾಗಿತ್ತು. ಒತ್ತಿದಳು.

ಮಾವ ಫೋನು ಒಯ್ಯುವ ಗುರುವಾರ ಬಿಟ್ಟರೆ, ಮುಂದಿನ ಏಳು ಶರತ್ತಿನಲ್ಲಿ ಅವಳು ಆರು ಗೆದ್ದಳು. ಅತ್ತೆಗೆ ಅನುಮಾನ ಬರಬಾರದೆಂದು ಒಂದನ್ನು ಬೇಕಂತಲೇ ಸೋತಳು. ನೋಡುತ್ತಿದ್ದಾಗ ಫೋನಿನ ಮೇಲಿನಿಂದ ಟಿಣ್ ಎಂದು ಏನೇನೋ ಚೀಟಿಗಳು ಇಳಿಯುತ್ತಿದ್ದವು. ನಿಮ್ಮ ಫೋನಿಗೆ ಹದಿಮೂರು ವೈರಸ್ ಹೊಕ್ಕಿವೆ. ನಿಮಗೆ ಬಹುಮಾನ ಬಂದಿದೆ. ಒಮ್ಮೆ ಅರೆಬಟ್ಟೆಯ ಹೆಂಗಸಿನ ಚಿತ್ರವೂ ಇಳಿಯಿತು. ಅವಳು ಛೀ ಎಂದು ಬೆರಳಿನಿಂದ ಬದಿಗೆ ಸರಿಸಿ ಕಥೆ ಮುಂದುವರಿಸಿದಳು. ಸೋತ ಅತ್ತೆ ಆರು ಮುಂಜಾನೆ ಎಡಗೈಯಿಂದ ಬಲ ಭುಜ ಒತ್ತಿಕೊಳ್ಳುತ್ತ ರೊಟ್ಟಿ ಬಡಿದರು.

"ಏನ್ ಜಯಾ, ಇತ್ತಿತ್ಲಾಗ ಭಾಳ ಶಾಣ್ಯಾ ಆಗೀದಿ," ಎಂದರು ಒಂದು ದಿನ.

"ನಿಮ್ಮ ಕೈಯಾಗ ಕಲ್ತಿದ್ದ್ರಿ ಅತ್ತಿ," ಎಂದಳು ಜಯಮಾಲಾ.

ಮಹಾರುದ್ರಪ್ಪನವರಿಗೆ ಧಾರಾವಾಹಿಯ ಹುಚ್ಚಿರಲಿಲ್ಲ. ಅವರದು ಭಜನೆ. ಮೂವತ್ತು ವರ್ಷದಿಂದ ಪ್ರತಿ ಗುರುವಾರ ಒಂದು ಗಂಟೆಯ ಬಸ್ಸಿಗೆ ಹುಮನಾಬಾದಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಮಾಣಿಕನಗರಕ್ಕೆ ಹೋಗಿ, ಅಲ್ಲಿಯ ಸಂತ ಪ್ರಭುಗಳ ಸಮಾಧಿಯ ದರ್ಶನ ಮಾಡಿ, ಸಂಜೆ ಚನ್ನಬಸಪ್ಪನವರ ಪಡಸಾಲೆಯಲ್ಲಿ ಹಾಡಿ ಬರುತ್ತಿದ್ದರು. ಅಲ್ಲಿ ಪದ ಎತ್ತುವವರು ಇವರು, ಉಳಿದವರು ಹಿಂದೆ ಹಾಡುವವರು. ಹಾರ್ಮೋನಿಯಂ ಚನ್ನಬಸಪ್ಪನವರದು, ತಬಲಾ ಆಟೋ ಓಡಿಸುವ ಲಾಲ್ ಅಹ್ಮದನದು. ಪದಗಳ ಹಳೆಯ ವಹಿಗೆ ಗೆದ್ದಲು ಹತ್ತಿದಾಗ ಮೊಮ್ಮಗಳು ಶೀತಲ್ ಒಂದೊಂದೇ ಪುಟದ ಫೋಟೋ ತೆಗೆದು ಫೋನಿನಲ್ಲಿ ಹಾಕಿಕೊಟ್ಟಿದ್ದಳು. ಅಂದಿನಿಂದ ಹಾರ್ಮೋನಿಯಂ ಮೇಲೆ ಫೋನು ನಿಲ್ಲಿಸಿ, ಎರಡು ಬೆರಳಿನಿಂದ ಅಕ್ಷರ ದೊಡ್ಡದು ಮಾಡಿಕೊಂಡು ಅವರು ಹಾಡುತ್ತಿದ್ದರು. ದತ್ತ ಜಯಂತಿಯ ದಿನ ಪ್ರಭುಗಳ ಸನ್ನಿಧಿಯಲ್ಲಿ ಈ ಭಜನಾ ಮಂಡಳಿಗೂ ಹಾಡುವ ಪಾಳಿಯಿತ್ತು. ಮಹಾರುದ್ರಪ್ಪನವರಿಗೆ ವರ್ಷದಲ್ಲಿ ದೊಡ್ಡ ಹಬ್ಬವೆಂದರೆ ಆ ಒಂದು ತಾಸು.

ಆ ಗುರುವಾರ ಅವರು ಎರಡನೇ ಪದದ ನಡುವೆ ಇದ್ದರು. ಟಿಣ್ ಎಂದಿತು. ಪದದ ಮೇಲೆ ಚಿತ್ರ ಇಳಿಯಿತು. ಬಲಗಡೆ ಲಾಲ್ ಅಹ್ಮದನಿಗೆ ಕಂಡಿತು, ಎಡಗಡೆ ಚನ್ನಬಸಪ್ಪನವರಿಗೆ ಕಂಡಿತು. ಮಹಾರುದ್ರಪ್ಪನವರು ಗಾಬರಿಯಿಂದ ಬೆರಳು ಇಟ್ಟರು. ಚಿತ್ರ ಹೋಗುವ ಬದಲು ಪರದೆ ತುಂಬ ತೆರೆದುಕೊಂಡಿತು. ಆರತಿ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಚನ್ನಬಸಪ್ಪನವರ ಹೆಂಡತಿ ತಟ್ಟೆ ಅಲ್ಲೇ ಇಟ್ಟು ಒಳಗೆ ಹೋದರು. ಭಜನೆ ನಿಂತಿತು. ಹೊರಡುವಾಗ ಚನ್ನಬಸಪ್ಪನವರು ಬಾಗಿಲಿನವರೆಗೆ ಬಂದು, "ಜರಾ ದಿನ ಹೋಗಲಿ ಬಿಡ್ರಿ ರುದ್ರಪ್ಪನವರ. ಮನಿಯಾಗ ಹೆಣ್ಮಕ್ಕಳು ಇರತಾರ," ಎಂದರು. ಈ ಮಾತನ್ನು ಮಹಾರುದ್ರಪ್ಪನವರು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮರುದಿನ ಮುಂಜಾನೆ ಅಂಥ ಚಿತ್ರ ಮನೆಯಲ್ಲೇ ಬಂತು. ಎಲ್ಲರೂ ತಿನ್ನಲು ಕೂತಿದ್ದಾಗ ಗೂಡಿನಲ್ಲಿ ಟಿಣ್ ಎಂದಿತು.

"ಸತೀಶಾ, ನೋಡಪಾ, ಯಾರದು," ಎಂದರು ಶಕುಂತಲಾಬಾಯಿ.

ಮಗ ಸತೀಶಕುಮಾರ ಎದ್ದು ಫೋನು ತೆಗೆದು ನೋಡಿದ. ನೋಡಿ, ಮುಖ ಕೆಳಗಾಗಿ ಇಟ್ಟುಬಿಟ್ಟ.

"ಏನದು?"

"ಏನಿಲ್ಲವ್ವಾ."

"ಏನಿಲ್ಲಂದ್ರ ನಿನ್ನ ಮಾರಿ ಯಾಕ ಹಂಗಾತು? ತಾ ಇಲ್ಲಿ." ಅವರೇ ಎದ್ದು ಹೋಗಿ ತಿರುಗಿಸಿ ನೋಡಿದರು. ನೋಡಿದ ಮೇಲೆ ಗಂಡನ ಕಡೆ ತಿರುಗಿದರು. "ಏನ್ರಿ ಇದು?"

ಮಹಾರುದ್ರಪ್ಪನವರು ರೊಟ್ಟಿಯ ಚೂರನ್ನು ತಟ್ಟೆಗೆ ಇಟ್ಟರು. "ನಿನ್ನಿ ಮಾಣಿಕನಗರದಾಗೂ ಬಂತು."

"ಮಾಣಿಕನಗರದಾಗ! ಮಂದಿ ಮುಂದ?"

"ಅಪ್ಪಾ," ಎಂದ ಸತೀಶಕುಮಾರ, ಗೋಡೆಯ ಕಡೆ ನೋಡುತ್ತ, "ಇಂಥಾದು ನೋಡಿದ್ರನ ಇಂಥಾದು ಬರತದ. ಫೋನ್‌ಗ ಗೊತ್ತಾಗತದರಿ. ಈ ವಯಸ್ಸಿನ್ಯಾಗ ಇಜ್ಜತ್ ಹೋಗೋ ಕೆಲಸ ಯಾಕ ಬೇಕ್ರಿ?"

"ನಾ ಏನೂ ಮಾಡಿಲ್ಲಪಾ."

"ಮಾಡಿಲ್ಲಲ್ಲಾ?" ಶಕುಂತಲಾಬಾಯಿ ಗಂಡನ ಎದುರು ಬಂದು ಕೂತರು. "ಹಂಗಿದ್ರ ಕೊರಳಾಗಿನ ಲಿಂಗ ಮುಟ್ಟಿ ಹೇಳ್ರಿ. ಇಂಥಾದು ನಾ ಕಣ್ಣಿಲೆ ನೋಡಿಲ್ಲಂತ ಹೇಳ್ರಿ. ಮುಗೀತು."

ಜಯಮಾಲಾ ಒಲೆಯ ಹತ್ತಿರ ಕಾರಬ್ಯಾಳಿಯ ಪಾತ್ರೆ ಹಿಡಿದು ನಿಂತಿದ್ದಳು. ಅತ್ತಿ, ಅದು ನನ್ನ ಕೆಲಸ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾವ ಆಣೆ ಮಾಡಿಬಿಡುತ್ತಾರೆ, ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡು ತಡೆದಳು. ಮಹಾರುದ್ರಪ್ಪನವರ ಕೈ ಎದೆಯ ಕಡೆಗೆ ಏರಿತು. ಅಂಗಿಯ ಗುಂಡಿಯವರೆಗೆ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತು ಕೆಳಗಿಳಿಯಿತು.

ಶಕುಂತಲಾಬಾಯಿ ಫೋನನ್ನು ಒಯ್ದು ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಹಾಕಿದರು. ಮಧ್ಯಾಹ್ನ ಊಟದ ಹೊತ್ತಿಗೆ, "ಜಯಾ, ಅವರಿಗಿ ನೀಡು," ಎಂದು ಹೇಳಿ ದೇವರ ಕೋಣೆಗೆ ಹೋದರು. ನಲವತ್ತಾರು ವರ್ಷದಲ್ಲಿ ಗಂಡನ ತಟ್ಟೆಗೆ ಬೇರೆಯವರು ನೀಡಿದ್ದು ಅವರ ಬಾಣಂತನದಲ್ಲಿ ಮಾತ್ರ.

ಮಾವ ಯಾಕೆ ಆಣೆ ಮಾಡಲಿಲ್ಲ? ಜಯಮಾಲಾಳಿಗೆ ಅದೇ ಒಂದು ನೆಪವಾಯಿತು. ಅವರೂ ಏನೋ ಮಾಡಿರಬೇಕು, ಎಲ್ಲವೂ ನನ್ನದೇ ತಪ್ಪಲ್ಲ ಎಂದು ಹೇಳಿಕೊಂಡಳು. ಹಾಗೆ ಹೇಳಿಕೊಂಡ ಮೇಲೂ ಮಾವನ ತಟ್ಟೆಗೆ ರೊಟ್ಟಿ ಹಾಕುವಾಗ ಅವರ ಮುಖ ನೋಡುತ್ತಿರಲಿಲ್ಲ. "ಇನ್ನೊಂದು ಹಾಕ್ಲಿರಿ ಮಾವಾ?" ಎಂದರೆ, "ಸಾಕವ್ವ," ಎನ್ನುತ್ತಿದ್ದರು. ನಾಲ್ಕು ತಿನ್ನುತ್ತಿದ್ದವರು ಎರಡಕ್ಕೆ ಇಳಿದಿದ್ದರು.

ಎರಡು ದಿನ ಡಬ್ಬಿಯ ಹಿಂದೆ ಫೋನು ಟಿಣ್ ಟಿಣ್ ಎಂದಿತು. ಮೂರನೇ ದಿನ ಶಕುಂತಲಾಬಾಯಿ ಅದನ್ನು ಮಗನ ಕೈಗೆ ಕೊಟ್ಟರು. ಅವನು ಅಂಗಡಿಯ ಡ್ರಾವರಿನಲ್ಲಿ ಹಾಕಿದ. ಧಾರಾವಾಹಿಯ ಹೊತ್ತಿಗೆ ಈಗ ಟೀವಿ ಹಚ್ಚುವವರಿರಲಿಲ್ಲ. ಶರತ್ತು ಕಟ್ಟುವವರೂ ಇರಲಿಲ್ಲ. ಯಾರೂ ಹೇಳದಿದ್ದರೂ ಜಯಮಾಲಾ ದಿನಾ ಐದು ಗಂಟೆಗೆ ಎದ್ದು ಹದಿನೆಂಟು ರೊಟ್ಟಿ ಬಡಿಯತೊಡಗಿದಳು. ಅಷ್ಟರಲ್ಲಿ ಶಕುಂತಲಾಬಾಯಿ ಬೇಮಳಖೇಡದ ತಂಗಿ ಯಶೋದಾಬಾಯಿಗೆ ಫೋನು ಹಚ್ಚಿ ಅತ್ತದ್ದೂ ಆಗಿತ್ತು.

"ಯಶೋದಾ, ಮುದುಕಾದ ಮ್ಯಾಲ ಹಿಂಗಾತಲ್ಲ ನನ್ನ ಬಾಳೇವು!"

ಆ ಕಡೆಯಿಂದ ಏನು ಬಂತೋ, "ನೀ ಯಾರ ಮುಂದೂ ಆಡಬ್ಯಾಡ ಮತ್ತ," ಎಂದು ಹೇಳಿ ಇಟ್ಟರು. ಮೂರು ದಿನಕ್ಕೆ ಬೇಮಳಖೇಡದಿಂದ ಸತೀಶಕುಮಾರನಿಗೆ ಸೋದರಮಾವನ ಫೋನು ಬಂತು. "ಅಪ್ಪಾರ ತಬ್ಯೇತ್ ಹ್ಯಾಂಗದಪಾ?" ಎಂದು ಕೇಳುವ ಧಾಟಿಯಲ್ಲೇ ಎಲ್ಲ ತಿಳಿಯುತ್ತಿತ್ತು.

ಶೀತಲ್ ಹುಮನಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದಳು. ಜಯಮಾಲಾ ಮಗಳಿಗೆ ಫೋನು ಮಾಡಿ ಮೆಲ್ಲಗೆ ಕೇಳಿದಳು.

"ಅಲ್ಲವಾ, ಫೋನ್‌ನಾಗ ಕೆಟ್ಟ ಕೆಟ್ಟ ನೋಟಿಫಿಕೇಶನ್ ಬರತಾವಲ್ಲ, ಅವನ್ನ ಬಂದ್ ಮಾಡೋದು ಹ್ಯಾಂಗ?"

"ಯಾರ ಫೋನ್‌ನಾಗ?"

"ಸರ್ದಾರಬಿ ಕೇಳಾಕತ್ತಿದ್ಲು."

"ಮಮ್ಮಿ, ಮುತ್ಯಾನ ಸುದ್ದಿ ನನಗ ಗೊತ್ತದ. ಪಪ್ಪಾ ಹೇಳ್ಯಾರ. ಶನಿವಾರ ಬಂದು ನೋಡ್ತೀನಿ ತಡಿ."

ಶನಿವಾರ ಸಂಜೆ ಶೀತಲ್ ಬಂದವಳೇ ಅಂಗಡಿಗೆ ಹೋಗಿ ಫೋನು ತಂದು ಚಾರ್ಜಿಗೆ ಹಾಕಿ, ಅಡಿಗೆಮನೆಯ ಕಟ್ಟೆಯ ಮೇಲೆ ಕೂತಳು. ಅಮ್ಮ ಸಾರು ಕುದಿಸುತ್ತಿದ್ದಳು. ಶೀತಲ್ ಕ್ರೋಮ್ ತೆರೆದು, ಮೂಲೆಯ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗಿಗೆ ಹೋಗಿ, ಸೈಟುಗಳ ಸೆಟ್ಟಿಂಗಿನಲ್ಲಿ ನೋಟಿಫಿಕೇಶನ್ ಎಂಬುದನ್ನು ತೆರೆದಳು. ಅನುಮತಿ ಪಡೆದವರ ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಅದರ ಮುಂದಿನ ಗುಂಡಿಯನ್ನು ಆಚೆ ಸರಿಸಿದಳು.

"ಆತು. ಇಷ್ಟಕ್ಕ ಮನಿ ತುಂಬ ಗದ್ದಲ ಮಾಡೀರಿ." ಆಮೇಲೆ ಆ ಹೆಸರನ್ನು ಇನ್ನೊಮ್ಮೆ ಓದಿದಳು. "ಮಮ್ಮಿ, ಇದು ನಿಮ್ಮ ಧಾರಾವಾಹಿದಲ್ಲ?"

ಜಯಮಾಲಾ ಸಾರಿನಲ್ಲಿ ಸೌಟು ತಿರುಗಿಸಿದಳು.

ಶೀತಲ್ ಹಿಸ್ಟರಿ ತೆರೆದಳು. "ಎರಡು ಇಪ್ಪತ್ತು. ಎರಡು ಹದಿನೈದು. ಎರಡೂವರಿ. ದಿನಾ ಮಧ್ಯಾಹ್ನ ನೋಡ್ಯಾರ. ಆ ಹೊತ್ತಿನ್ಯಾಗ ಮುತ್ಯಾ ಮಲಗಿರತಾನ." ತಲೆ ಎತ್ತಿ ಅಮ್ಮನನ್ನು ನೋಡಿದಳು. "ನೀನಾ?"

"ದನಿ ತೆಗದು ಮಾತಾಡಬ್ಯಾಡ."

"ರೊಟ್ಟಿ ಸಲುವಾಗಿ?"

"ಹೌದು, ರೊಟ್ಟಿ ಸಲುವಾಗಿ!" ಜಯಮಾಲಾಳ ಕಣ್ಣು ತುಂಬಿತು. "ಇಂಥಾದಾಗತದಂತ ನನಗೇನ್ ಕನಸು ಬಿದ್ದಿತ್ತೇನು?"

"ಈಗ ನಾ ಹೇಳಲೋ, ನೀ ಹೇಳ್ತೀಯೋ?"

"ನಾನ ಹೇಳ್ತೀನಿ. ಎರಡ ದಿನ ತಡಿಯವಾ, ನಿನ್ನ ಕಾಲಿಗಿ ಬೀಳ್ತೀನಿ."

ಊಟಕ್ಕೆ ಕೂತಾಗ ಶೀತಲ್ ಫೋನನ್ನು ಅಜ್ಜನ ಮುಂದೆ ಇಟ್ಟಳು. "ಬಂದ್ ಮಾಡೀನಿ ಮುತ್ಯಾ. ಇನ್ನ ಬರಂಗಿಲ್ಲ."

"ತಾನಾಗೇ ಬಂದಿತ್ತೇನು ಅದು?" ಎಂದು ಶಕುಂತಲಾಬಾಯಿ ದೇವರ ಕೋಣೆಯ ಬಾಗಿಲಿನಿಂದ ಕೇಳಿದರು. ಆ ದನಿಯಲ್ಲಿ ಸ್ವಲ್ಪ ಆಸೆ ಇತ್ತು.

ಶೀತಲ್ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. "ತಾನಾಗೇ ಬರಂಗಿಲ್ಲ ಆಯಿ. ಯಾರರೆ ಒತ್ತಿದ್ರನ ಬರೋದು."

"ಕೇಳ್ರಿ, ಕೇಳ್ರಿ!" ಎಂದರು ಶಕುಂತಲಾಬಾಯಿ. ಆಸೆ ಇದ್ದ ಜಾಗದಲ್ಲಿ ಈಗ ಅಳು ಇತ್ತು.

"ಹೌದು," ಎಂದರು ಮಹಾರುದ್ರಪ್ಪನವರು ತಟ್ಟೆ ನೋಡುತ್ತ. "ಒತ್ತಿದ್ರನ ಬರತದ."

ಇದು ಜಯಮಾಲಾಳ ಮುಂದೆ ಬಂದ ಎರಡನೇ ಅವಕಾಶ. ಬಾಯಿ ತೆರೆದರೆ ಸಾಕಿತ್ತು. ಅವಳು ಸಾರು ಬಡಿಸಿದಳು. ನಾಚಿಕೆಗೇಡಿನ ಕೆಲಸ ಎಂದು ಅವಳಿಗೂ ಗೊತ್ತಿತ್ತು. ಗಂಡನಿಗೆ, ಅತ್ತೆಗೆ, ಬೇಮಳಖೇಡದವರಿಗೆ ಏನು ಮುಖ ತೋರಿಸುವುದು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಶೀತಲ್ ಅರ್ಧ ಊಟಕ್ಕೆ ಕೈ ತೊಳೆದು ಎದ್ದಳು. ಭಾನುವಾರ ಹಾಸ್ಟೆಲಿಗೆ ಹೊರಡುವವರೆಗೂ ಅಮ್ಮನ ಜೊತೆ ಮಾತಾಡಲಿಲ್ಲ.

ಮುಂದಿನ ಗುರುವಾರ ಮಹಾರುದ್ರಪ್ಪನವರು ಎಂದಿನಂತೆ ತಾಳದ ಚೀಲ ಹೆಗಲಿಗೆ ಹಾಕಿಕೊಂಡು ಒಂದು ಗಂಟೆಯ ಬಸ್ಸಿಗೆ ಹೊರಟರು. ಹೆಂಡತಿ ಮಾತಾಡದಿದ್ದರೂ ಭಜನೆ ತಪ್ಪಿಸಿರಲಿಲ್ಲವಲ್ಲ, ಅದೊಂದು ಸಮಾಧಾನ ಎಂದು ಜಯಮಾಲಾ ಅಂದುಕೊಂಡಿದ್ದಳು. ಚಳಿ ಬಿದ್ದಿತ್ತು. ಶೀತಲ್ ಸ್ವೆಟರ್ ಬಿಟ್ಟು ಹೋಗಿದ್ದಳು. ಅದನ್ನೂ, ಹತ್ತು ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯನ್ನೂ ಕಟ್ಟಿಕೊಂಡು ಜಯಮಾಲಾ ಎರಡೂವರೆಯ ಬಸ್ಸು ಹಿಡಿದು ಹುಮನಾಬಾದಿಗೆ ಹೋದಳು.

ಹಾಸ್ಟೆಲಿನ ಗೇಟಿನಲ್ಲಿ ಶೀತಲ್ ಗಂಟು ಇಸಿದುಕೊಂಡಳು. "ಹೇಳಿದ್ಯಾ?"

"ಇನ್ನಾ ಇಲ್ಲವಾ."

"ಸರಿ," ಎಂದು ಮಗಳು ಒಳಗೆ ಹೋದಳು.

ರಸ್ತೆಯಲ್ಲಿ ಒಂದು ಆಟೋ ಬಂದು ನಿಂತಿತು. ಲಾಲ್ ಅಹ್ಮದ್. ಒಮ್ಮೆ ದತ್ತ ಜಯಂತಿಗೆ ಮನೆ ಮಂದಿಯೆಲ್ಲ ಹೋದಾಗ ಅವನೇ ಕರೆದೊಯ್ದಿದ್ದ. "ಅಕ್ಕಾರ, ಬಸ್‌ಸ್ಟ್ಯಾಂಡಿಗಿ ಬರ್ರಿ, ಕೂಡ್ರಿ." ಅವಳು ಕೂತ ಮೇಲೆ ಕನ್ನಡಿಯಲ್ಲಿ ನೋಡಿ ಕೇಳಿದ: "ಸಾವ್ಕಾರ್ರ ತಬ್ಯೇತ್ ಹ್ಯಾಂಗದರಿ? ಎರಡ ಗುರುವಾರ ಆತು, ಬಂದೇ ಇಲ್ಲ. ದತ್ತ ಜಯಂತಿ ಒಂಬತ್ತ ದಿನ ಉಳದದ. ಚನ್ನಬಸಪ್ಪನವರು ಬ್ಯಾರೇವರಿಗಿ ಪದ ಎತ್ತಾಕ ಹೇಳ್ಯಾರ. ಅವರಿಗಿ ತಾಳ ಬರಂಗಿಲ್ಲ, ದನಿನೂ ಇಲ್ಲ."

"ಬಂದಿಲ್ಲ? ಪ್ರತಿ ಗುರುವಾರ ಮನಿಯಿಂದ ಬರಾಕತ್ತಾರಲ್ಲ ಅಣ್ಣಾ. ಇವತ್ತೂ ಬಂದಾರ."

ಲಾಲ್ ಅಹ್ಮದ್ ಗಾಡಿಯ ವೇಗ ಕಡಿಮೆ ಮಾಡಿದ. ಇಬ್ಬರಿಗೂ ಒಟ್ಟಿಗೇ ಅರ್ಥವಾದಂತಿತ್ತು.

ಮಹಾರುದ್ರಪ್ಪನವರು ಬಸ್‌ಸ್ಟ್ಯಾಂಡಿನಲ್ಲಿ ಕೊನೆಯ ಕಲ್ಲುಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ತಾಳದ ಚೀಲ. ಪಕ್ಕದಲ್ಲಿ ಕಾಗದದಲ್ಲಿ ಅರ್ಧ ತಿಂದ ಭಜಿ. ಬೀದರಿನ ಬಸ್ಸು ಬಂದು ಹೋಗುವುದನ್ನು ನೋಡುತ್ತಿದ್ದರು. ಸೊಸೆಯನ್ನು ಕಂಡು ಎದ್ದು ನಿಂತರು.

"ಬಸ್ ತಪ್ಪಿತವ್ವ," ಎಂದರು.

ಮಾವನ ಬಾಯಲ್ಲಿ ಅವಳು ಕೇಳಿದ ಮೊದಲ ಸುಳ್ಳು ಅದು. ಜಯಮಾಲಾಳಿಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ, ಅವರ ಕಾಲಿನ ಹತ್ತಿರ ಕೂತುಬಿಟ್ಟಳು.

"ನಂದ್ರಿ ಮಾವಾ. ನಾ ಒತ್ತಿದ್ದು. ನೀವು ಮಲಗಿದ್ದಾಗ ನಿಮ್ಮ ಫೋನ್‌ನಾಗ ಧಾರಾವಾಹಿ ನೋಡ್ತಿದ್ದೆರಿ. ಅತ್ತಿನ್ನ ಸೋಲಸಾಕ. ಆ ಹಲ್ಕಟ್ ಸೈಟ್‌ನಾಗ ಏನೋ ಕೇಳ್ತು, ನಾ ಒತ್ತಿದೆ. ಆ ಚಿತ್ರ ಎಲ್ಲಾ ಅಲ್ಲಿಂದನ ಬಂದಾವ. ನೀವೇನೂ ಮಾಡಿಲ್ರಿ."

"ಏಳವ್ವ, ಏಳು. ಮಂದಿ ನೋಡಾಕತ್ತಾರ."

"ನೋಡ್ಲಿರಿ. ನಿಮ್ಮನ್ನೂ ನೋಡಿದ್ರಲ್ಲ."

ಎರಡು ಹೆಜ್ಜೆ ಹಿಂದೆ ನಿಂತಿದ್ದ ಲಾಲ್ ಅಹ್ಮದ್ ಎಲ್ಲ ಕೇಳಿದ್ದ. "ಸಾವ್ಕಾರ್ರ, ಏಳ್ರಿ, ಆಟೋ ಇಲ್ಲೇ ಅದ. ಈಗಿಂದೀಗ ಹೋಗಿ ಚನ್ನಬಸಪ್ಪನವರ ಮುಂದ ಹೇಳೋಣು. ನಾ ಹೇಳ್ತೀನಿ."

"ನೀ ಹೋಗಿ ಹೇಳಪಾ. ನಾ ಇವತ್ತ ಬರಂಗಿಲ್ಲ. ಮೊದಲ ಮನಿ."

ಅವನು ಹೋದ ಮೇಲೆ ಮಹಾರುದ್ರಪ್ಪನವರು ಬೆಂಚಿನ ಮೇಲೆ ಸೊಸೆಗೆ ಜಾಗ ಮಾಡಿಕೊಟ್ಟರು. ಉಳಿದ ಭಜಿಯನ್ನು ಕಾಗದದಲ್ಲಿ ಮಡಿಚಿದರು. ಆಮೇಲೆ ಕೇಳಿದರು: "ಹಂಗಂದ್ರ ಜಯಾ, ಅದು ನಾ ಒತ್ತಿದ್ದಕ್ಕ ಬಂದಿದ್ದಲ್ಲ?"

"ನೀವು ಏನ್ ಒತ್ತಿದ್ರಿ?"

"ಬುಧವಾರ ಒಂದ ಚಿತ್ರ ಬಂತು. ಮನಿಯಾಗ ಯಾರೂ ಇದ್ದಿಲ್ಲ. ಏನದಂತ..." ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು. "ಒತ್ತ್ ನೋಡಿದೆ. ಮರುದಿನ ಮಾಣಿಕನಗರದಾಗ ಹಂಗಾತು. ಪ್ರಭುಗಳು ನನಗ ಸರಿಯಾಗಿ ತೋರಿಸಿದ್ರು ಅಂದ್ಕೊಂಡೆ. ಲಿಂಗ ಮುಟ್ಟಿ ಹ್ಯಾಂಗ ಹೇಳಬೇಕಿತ್ತು ನಾ?"

"ಅದಕ್ಕ ಬಂದಿದ್ದಲ್ರಿ ಮಾವಾ. ನಂದೇ ಅದು."

"ಇರಲಿ. ನೋಡಿದ್ದಂತೂ ಖರೇ ಅದ."

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಬಸವಕಲ್ಯಾಣ ಹತ್ತಿರ ಬಂದಾಗ ಮಾತ್ರ ಒಂದು ಮಾತು ಹೇಳಿದರು. "ನಿಂದು ನೀ ಹೇಳವ್ವ. ನಂದು ನನಗ ಬಿಡು."

ಮನೆಗೆ ಬಂದಾಗ ಸತೀಶಕುಮಾರ ಅಂಗಡಿ ಮುಚ್ಚಿ ಬಂದಿದ್ದ. ಶಕುಂತಲಾಬಾಯಿ ಹೆಸರುಬೇಳೆಗೆ ಒಗ್ಗರಣೆ ಹಾಕುತ್ತಿದ್ದರು. ಗಂಡ ಸೊಸೆ ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಅವರ ಕೈ ನಿಂತಿತು. ಜಯಮಾಲಾ ಚಪ್ಪಲಿ ಬಿಟ್ಟವಳು ನೇರ ಅಡಿಗೆಮನೆಗೆ ಬಂದು, ನಿಂತಲ್ಲೇ ಎಲ್ಲ ಹೇಳಿದಳು. ವೆಬ್‌ಸೈಟು ಹೇಳಿದಳು, ಆರು ಗೆಲುವು ಹೇಳಿದಳು, ಶನಿವಾರ ಬಾಯಿ ಮುಚ್ಚಿಕೊಂಡು ಸಾರು ಬಡಿಸಿದ್ದನ್ನೂ ಹೇಳಿದಳು. ಕೊನೆಗೆ ಮಾವ ಮೂರು ಗುರುವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತದ್ದು ಹೇಳಿದಳು.

"ಜಯಾ!" ಎಂದ ಸತೀಶಕುಮಾರ. ಆಮೇಲೆ ಅಪ್ಪನ ಕಡೆ ತಿರುಗಿದ. "ಅಪ್ಪಾ, ನಾ ಆವತ್ತು ಏನೇನರೆ ಅಂದೆ..."

"ಕೈ ತೊಳ್ಕೊಂಡ ಬಾ," ಎಂದರು ಅಪ್ಪ.

ಶಕುಂತಲಾಬಾಯಿ ಒಲೆ ಆರಿಸಿದರು. ಬಲ ಭುಜದ ಮೇಲೆ ಕೈ ಇಟ್ಟುಕೊಂಡರು. "ಆರು ದಿನ ಈ ಭುಜ ಹಿಡ್ಕೊಂಡು ಬಡದೀನಿ. ಮುದುಕಿ ಆದೆ, ಬುದ್ಧಿ ಮಂದ ಆತು ಅಂದ್ಕೊಂಡೆ. ನಡುವ ಒಂದ ದಿನ ಸೋತಿದ್ದಿಯಲ್ಲ ನೀ?"

"ಅದು ಬೇಕಂತನ ಸೋತೆರಿ."

"ಅದೂ ಸುಳ್ಳೇನ!" ಅವರಿಗೆ ಸಿಟ್ಟಿನಲ್ಲಿ ಉಸಿರು ಹಿಡಿಯಿತು. "ರೊಟ್ಟಿ ಹೋಗ್ಲಿ. ರೊಟ್ಟಿ ನಾ ಸಾಯೋ ತನಕ ಬಡಿತಿದ್ದೆ. ಈ ಮನಷ್ಯಾನ ತಾಟಿಗಿ ನೀಡದ ಮಾರಿ ತಿರುವಿ ಹೋದೆನಲ್ಲ ನಾ, ಅದನ್ನ ನೀ ದಿನಾ ನೋಡಿದಿ. ನೋಡ್ಕೋತ ನಿಂತಿ."

"ಹೌದ್ರಿ ಅತ್ತಿ."

"ಯಶೋದಾಗ ಫೋನ್ ಹಚ್ಚಿ ಕೊಡು. ಬೇಮಳಖೇಡದ ತುಂಬ ಡಂಗುರ ಹೊಡಸೀನಿ ನಾ. ಅದು ಯಾವ ಸೆಟ್ಟಿಂಗ್‌ನಾಗ ಬಂದ್ ಆಗತದ ಹೇಳು."

ತಂಗಿಯ ಜೊತೆ ಅವರು ಎರಡೇ ಮಾತಾಡಿದರು. ಎರಡನೆಯದು, "ಎಲ್ಲಾರ ಮುಂದ ಹೇಳು, ಗಲತ್ ನಂದೇ ಅಂತ ಹೇಳು," ಎಂಬುದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ತಟ್ಟೆಯನ್ನು ತಾವೇ ತೆಗೆದುಕೊಂಡರು. ಎರಡು ರೊಟ್ಟಿ, ಹೆಸರುಬೇಳೆ, ಹಿಂಡಿ, ಮೇಲೆ ಒಂದು ಚಮಚ ತುಪ್ಪ. ತಟ್ಟೆ ಮುಂದಿಟ್ಟು, ಮೂರು ವಾರದ ಹಿಂದೆ ಕೂರುತ್ತಿದ್ದ ಜಾಗದಲ್ಲೇ ಗೋಡೆಗೆ ಒರಗಿ ಕೂತರು.

"ಉಣ್ರಿ."

ಮಹಾರುದ್ರಪ್ಪನವರು ರೊಟ್ಟಿ ಮುಟ್ಟಲಿಲ್ಲ. ಇನ್ನೇನು ಎಲ್ಲ ಸರಿಹೋಗಿದೆ, ಸುಮ್ಮನೆ ಊಟ ಮಾಡಬಾರದೆ ಇವರು? "ಮಾವಾ, ಪಲ್ಯ ಹಾಕ್ಲಿರಿ?" ಎಂದು ಜಯಮಾಲಾ ಅವಸರದಿಂದ ಮುಂದೆ ಬಂದಳು. ಅವರು ಬೇಡವೆಂದು ಕೈ ತೋರಿಸಿದರು.

"ಶಕುಂತಲಾ, ಒಂದ ಮಾತು ಅದ. ಬಂದಿದ್ದು ಜಯಾನಿಂದ, ಖರೇ. ಆದರ ಆವತ್ತು ನಾ ಯಾಕ ಆಣಿ ಮಾಡ್ಲಿಲ್ಲಂದ್ರ... ಬುಧವಾರ ಒಂದ ಬಂದಿತ್ತು. ಅದನ್ನ ನಾ ಒತ್ತ್ ನೋಡೀನಿ. ಯಾರೂ ಒತ್ತಂತ ಹೇಳಿದ್ದಿಲ್ಲ. ನಾನಾಗೇ ನೋಡಿದೆ."

ನೀರು ಕುಡಿಯುತ್ತಿದ್ದ ಸತೀಶಕುಮಾರ ತಂಬಿಗೆ ಇಳಿಸಿದ. ಜಯಮಾಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಶಕುಂತಲಾಬಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು.

"ಎಷ್ಟ ಸಲ?"

"ಒಂದ ಸಲ."

"ಖರೇ?"

ಮಹಾರುದ್ರಪ್ಪನವರು ಅಂಗಿಯೊಳಗೆ ಕೈ ಹಾಕಿ ಲಿಂಗ ಮುಟ್ಟಿದರು. "ಒಂದ ಸಲ."

ಶಕುಂತಲಾಬಾಯಿ ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ಹಿಟ್ಟಿನ ಡಬ್ಬಿ ಎಂದಿನ ಜಾಗದಲ್ಲೇ ಇತ್ತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಮಗ ಸೊಸೆಯರ ಕಡೆ ನೋಡದೆ, ಗಂಡನಿಗೆ ಮಾತ್ರ ಹೇಳುವವರಂತೆ ಹೇಳಿದರು.

"ಎರಡ ದಿನ ಆ ಡಬ್ಬಿ ಹಿಂದ ಇತ್ತಲ್ಲ ಅದು. ನಾ ಎರಡ ಸಲ ನೋಡೀನಿ. ಉಣ್ರಿ ಈಗ, ರೊಟ್ಟಿ ಆರತದ."

ಮಹಾರುದ್ರಪ್ಪನವರು ರೊಟ್ಟಿ ಮುರಿದರು.